ಒಪ್ಪದವರ ಹೆಸರೂ ಬರೀರಿ

ಬೆಳಿಗ್ಗೆ ಆಫೀಸಿಗೆ ಬಂದು ಬ್ಯಾಗು ಕೆಳಗಿಡುವ ಮೊದಲೇ ಮೇಡಂ ಬಾಯಿಂದ ಬರುತ್ತಿದ್ದ ಮಾತು ಸಾಮಾನ್ಯವಾಗಿ ಇದು: "ಆ ಬೇಕರಿಯವನು ಮತ್ತೆ ಮೀಟಿಂಗಿಗೆ ಬಂದಿಲ್ಲ ಕಣೋ. ಏನು ದೊಡ್ಡ ರೋಗ ಅವನಿಗೆ?"

ಹೊಸದಾಗಿ ಸೇರಿದವರು ಕಣ್ಣು ಕಣ್ಣು ಬಿಡುತ್ತಿದ್ದರು. ಸಿಂಗಾಪುರದ ಒನ್-ನಾರ್ತಿನ ನಮ್ಮ ಕಟ್ಟಡದ ಕೆಳಗೊಂದು ಬೇಕರಿ ಇತ್ತು. ಅದರ ಮಾಲೀಕನಿಗೆ ನಮ್ಮ ಮೀಟಿಂಗಿನಲ್ಲಿ ಏನು ಕೆಲಸ ಎಂದು ಅವರಿಗೆ ಅನ್ನಿಸುತ್ತಿತ್ತೋ ಏನೋ. ನಾನೇ ಅವರನ್ನು ಪಕ್ಕಕ್ಕೆ ಕರೆದು ಬಿಡಿಸಿ ಹೇಳಬೇಕಾಗುತ್ತಿತ್ತು. ಈ ಬೇಕರಿಯವನು ಸ್ಕಾಟ್ಲೆಂಡಿನವನು, ಕಡಲಂಚಿನ ಒಂದು ಸಣ್ಣ ಊರಿನ ಪುರಸಭೆಯ ಸದಸ್ಯ, ಅವನು ಸತ್ತು ಶತಮಾನಗಳೇ ಕಳೆದಿವೆ. ಮೇಡಂ ಪಾಲಿಗೆ ಮಾತ್ರ ಅವನು ಮೊನ್ನೆ ಮೊನ್ನೆ ಕೈಕೊಟ್ಟ ಪಕ್ಕದ ಮನೆಯವನು.

ನಮ್ಮ ಕಂಪನಿಯದು ಹಳೆಯ ಕೈಬರಹವನ್ನು ಓದುವ ಸಾಫ್ಟ್‌ವೇರ್. ಆ ಊರಿನ ಪುರಸಭೆಯ ಸಭಾ ನಡಾವಳಿಗಳನ್ನು ಅಲ್ಲಿಯ ದಫ್ತರಖಾನೆಯವರು ಫೋಟೋ ತೆಗೆದು ಕಳಿಸುತ್ತಿದ್ದರು. ಮೊದಲು ಯಂತ್ರ ಓದುತ್ತಿತ್ತು, ಆಮೇಲೆ ಯಂತ್ರ ಮುಗ್ಗರಿಸಿದ ಕಡೆಯಲ್ಲೆಲ್ಲ ಮನುಷ್ಯರು ತಿದ್ದುತ್ತಿದ್ದರು. ತಿದ್ದುವವರಲ್ಲಿ ಮೇಡಂ ಹಿರಿಯರು. ನಾನು ಟೆಸ್ಟಿಂಗಿನವನು, ಬೇರೆಯವರ ತಪ್ಪು ಹುಡುಕಿ ಸಂಬಳ ತೆಗೆದುಕೊಳ್ಳುವವನು. ಇಡೀ ಮಹಡಿಯಲ್ಲಿ ಕನ್ನಡದವರು ನಾವಿಬ್ಬರೇ. ಅವರು ಮೈಸೂರು, ನಾನು ಬೆಂಗಳೂರು. ಮೈಸೂರಿನವರು ಮೆದುಮಾತಿನವರು ಎಂದು ನನಗೆ ಹೇಳಿದವರು ಇವರನ್ನು ಕಂಡಿರಲಿಲ್ಲ.

ಕಳೆದ ತಿಂಗಳು ಜುರಾಂಗ್ ಈಸ್ಟಿನಲ್ಲಿ ರೈಲು ಇಳಿದು ಮೆಟ್ಟಿಲ ಕಡೆಗೆ ಹೋಗುತ್ತಿದ್ದಾಗ ಅವರ ಯಜಮಾನರ ಮೆಸೇಜು ಬಂತು. ಮೇಡಂ ತೀರಿಹೋಗಿದ್ದರು. ಸಂಜೆಯ ಜನ ನನ್ನನ್ನು ತಳ್ಳಿಕೊಂಡು ಮುಂದೆ ಹೋಗುತ್ತಿದ್ದರು, ನಾನು ಕಂಬದ ಪಕ್ಕ ನಿಂತು ಅದನ್ನೇ ಮತ್ತೆ ಮತ್ತೆ ಓದಿದೆ. ಅಳು ಬರಲಿಲ್ಲ, ಸಿಟ್ಟು ಬಂತು. ಆ ಹೆಂಗಸು ನಮ್ಮ ಆಫೀಸನ್ನು ಕೇಳಿದ್ದು ಒಂದೇ ಒಂದು ಸಾಲು. ತಾನು ಒಪ್ಪಿರಲಿಲ್ಲ ಎಂದು ಬರೆಯಿರಿ ಎಂದು ಕೇಳಿದ್ದರು, ಅಷ್ಟೇ. ಅದನ್ನು ಕೊಡಿಸಲು ನಮ್ಮಿಂದ ಆಗಲಿಲ್ಲ. ಆ ಒಂದು ಸಾಲಿಗೆ ಅವರೇಕೆ ಅಷ್ಟು ಹಟ ಹಿಡಿದರು ಎಂಬುದು ತಿಳಿಯಬೇಕಾದರೆ ಅವರು ಎಂಥವರೆಂದು ಸ್ವಲ್ಪ ಹೇಳಬೇಕು.

ವಿನಯ ಎಂಬುದು ಅವರ ಹತ್ತಿರ ಸುಳಿದಿರಲಿಲ್ಲ. ಇತಿಹಾಸದಲ್ಲಿ ಎಂ.ಎ. ಮಾಡಿದ್ದನ್ನು ಲಿಫ್ಟಿನಲ್ಲಿ ಸಿಕ್ಕ ಅಪರಿಚಿತರಿಗೂ ಹೇಳುವವರು. ಕುಳ್ಳಗೆ, ದುಂಡಗೆ, ಎ.ಸಿ.ಯ ಚಳಿಗೆಂದು ಸೀರೆಯ ಮೇಲೆ ಗಂಡನ ಸ್ವೆಟರು. ಅದರ ತೋಳು ಉದ್ದವಾಗಿ ಬೆರಳವರೆಗೂ ಬರುತ್ತಿತ್ತು, ಮಾತಿನ ಮಧ್ಯೆ ಅದನ್ನು ಮೇಲಕ್ಕೆ ಎಳೆದುಕೊಂಡರೆ ಜಗಳ ಶುರುವಾಯಿತು ಎಂದೇ ಲೆಕ್ಕ. ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆ ಇವರ ವಿಷಯದಲ್ಲಿ ಪೂರ್ತಿ ಸುಳ್ಳಾಗಿತ್ತು. ಮಾತೂ ಬಲ್ಲರು, ಜಗಳವನ್ನೂ ಬಲ್ಲರು. ಎ.ಸಿ. ಜಾಸ್ತಿ ಎಂದು ಜಗಳ, ಪ್ಯಾಂಟ್ರಿಯ ಚಹಾ ನೀರು ಎಂದು ಜಗಳ, ತನ್ನನ್ನು ಎಲ್ಲರೂ ಆಂಟಿ ಎನ್ನುತ್ತಾರೆಂದು ಇನ್ನೊಂದು ಜಗಳ.

"ಈ ಊರಲ್ಲಿ ಟ್ಯಾಕ್ಸಿಯವನಿಗೂ ಆಂಟಿ, ಹಾಕರ್ ಸೆಂಟರಲ್ಲಿ ತಟ್ಟೆ ಎತ್ತೋನಿಗೂ ಆಂಟಿ. ನೀನಾದ್ರೂ ಮೇಡಂ ಅನ್ನು," ಎಂದು ಮೊದಲ ದಿನವೇ ನನಗೆ ಅಪ್ಪಣೆಯಾಯಿತು. ನಾನು ಮೇಡಂ ಎಂದೆ. ಅವರು ನನ್ನನ್ನು ಕೊನೆಯವರೆಗೂ "ಏನೋ" ಎಂದೇ ಕರೆದರು.

ಅವರು ಓದುತ್ತಿದ್ದ ರೀತಿ ಬೇರೆ ಯಾರದ್ದೂ ಅಲ್ಲ. ಸ್ಕಾಟ್ಲೆಂಡಿನ ಆ ನಡಾವಳಿಗಳಲ್ಲಿ ಪ್ರತಿ ಸಭೆಯೂ ಹಾಜರಿದ್ದವರ ಹೆಸರಿನಿಂದ ಶುರುವಾಗುತ್ತಿತ್ತು. ಉಳಿದವರು ಅದನ್ನು ಹಾರಿಸಿ ವಿಷಯಕ್ಕೆ ಹೋಗುತ್ತಿದ್ದರು. ಮೇಡಂ ಮಾತ್ರ ಶಾಲೆಯಲ್ಲಿ ಹಾಜರಿ ಕೂಗುವಂತೆ ಒಂದೊಂದೇ ಹೆಸರನ್ನು ಗಟ್ಟಿಯಾಗಿ ಓದಿಕೊಳ್ಳುತ್ತಿದ್ದರು. ಹಾಗೆ ಓದಿ ಓದಿ ಅವರಿಗೆ ಇಡೀ ಊರೇ ಪರಿಚಯವಾಗಿತ್ತು. ಯಾರು ಸಭೆಗೆ ತಡವಾಗಿ ಬರುವವನು, ಯಾರ ಹಂದಿ ಬೀದಿಯಲ್ಲಿ ತಿರುಗಾಡುವುದು, ಯಾರು ತಿಪ್ಪೆಯನ್ನು ಪಕ್ಕದ ಮನೆಯ ಬಾಗಿಲಿಗೆ ಹಾಕುವವನು, ಎಲ್ಲವೂ ಬಾಯಿಪಾಠ. ಹೆಸರು ಕಷ್ಟವೆಂದು ಅವರನ್ನೆಲ್ಲ ಕಸುಬಿನಿಂದಲೇ ಕರೆಯುತ್ತಿದ್ದರು. ಬೇಕರಿಯವನು, ಉಪ್ಪಿನವನು, ಮೀನು ತುಂಬುವ ಪೀಪಾಯಿ ಮಾಡುವವನು.

ಇವೆಲ್ಲವನ್ನೂ ಬರೆಯುತ್ತಿದ್ದ ಪುರಸಭೆಯ ಗುಮಾಸ್ತನ ಮೇಲೆ ಅವರಿಗೆ ವಿಶೇಷ ಪ್ರೀತಿ. "ನಮ್ಮ ಗುಮಾಸ್ತರು" ಎಂದು ಬಹುವಚನದಲ್ಲಿ ಹೇಳುತ್ತಿದ್ದರು. ಗಂಡನಿಗೂ ಸಿಗದ ಬಹುವಚನ ಅದು. ಪುಟಗಳು ಮುಂದೆ ಹೋದಂತೆ ಗುಮಾಸ್ತನ ಅಕ್ಷರ ನಡುಗತೊಡಗಿತು. ಸಾಲುಗಳು ಬಲಕ್ಕೆ ಇಳಿಯತೊಡಗಿದವು. ಯಂತ್ರಕ್ಕೆ ಅದನ್ನು ಓದಲು ಆಗದೆ ನನಗೆ ರಾಶಿ ರಾಶಿ ದೂರು ಬರುತ್ತಿತ್ತು. ಮೇಡಂ ಮಾತ್ರ ನಿಧಾನಕ್ಕೆ ಓದುತ್ತಿದ್ದರು. ಒಂದು ದಿನ ಊಟಕ್ಕೆ ಕರೆದರೆ ಏಳಲಿಲ್ಲ.

"ಕೈ ಬದಲಾಯ್ತು ಕಣೋ," ಎಂದರು.

ಪರದೆಯ ಮೇಲೆ ಹೊಸ ಅಕ್ಷರ, ಚುರುಕಾದ, ಓರಣವಾದ ಅಕ್ಷರ. ಹಳೆಯ ಗುಮಾಸ್ತನಿಗೆ ಏನಾಯಿತೆಂದು ಒಂದು ಮಾತೂ ಇಲ್ಲ. ಅವನ ಜಾಗಕ್ಕೆ ಇವನನ್ನು ನೇಮಿಸಿದೆ ಎಂದು ಒಂದು ಸಾಲು, ಆಮೇಲೆ ಬಂದರಿನ ಗೋಡೆಯ ರಿಪೇರಿ. "ಇಷ್ಟು ವರ್ಷ ಬರೆದ್ರಲ್ಲ, ಒಂದು ಅಯ್ಯೋ ಪಾಪ ಅಂತಾದ್ರೂ ಬರೀಬಾರ್ದಾ?" ಎಂದು ಹೊಸ ಗುಮಾಸ್ತನನ್ನು ಪರದೆಯ ಮೇಲೇ ಬೈದರು. ಆ ದಿನ ಅವರ ಡಬ್ಬಿಯ ಚಿತ್ರಾನ್ನವನ್ನು ನಾನೇ ತಿಂದು ಮುಗಿಸಿದೆ.

ಅವರನ್ನು ಪೂರ್ತಿಯಾಗಿ ಹಿಡಿದಿಟ್ಟುಕೊಂಡದ್ದು ಆ ಪುರಸಭೆಯ ಒಂದು ಪದ್ಧತಿ. ಅಲ್ಲಿ ಯಾವುದೇ ತೀರ್ಮಾನಕ್ಕೆ ಒಬ್ಬನೇ ಒಬ್ಬ ಒಪ್ಪದಿದ್ದರೂ ಅವನು ಎದ್ದು ನಿಂತು, ನನ್ನ ಭಿನ್ನಮತ ಬರೆದುಕೊಳ್ಳಿ ಎಂದು ಕೇಳಬಹುದಿತ್ತು. ಕೇಳಿದರೆ ಗುಮಾಸ್ತ ಬರೆಯಲೇಬೇಕು, ಕಾರಣಗಳ ಸಮೇತ. ಅದೇ ಸಭೆಯಲ್ಲಿದ್ದ ಬೇರೆಯವರು ಬೇಕಾದರೆ ಆ ಭಿನ್ನಮತಕ್ಕೆ ತಮ್ಮ ಹೆಸರನ್ನೂ ಸೇರಿಸಬಹುದಿತ್ತು. ತೀರ್ಮಾನ ಬದಲಾಗುತ್ತಿರಲಿಲ್ಲ. ಒಪ್ಪದವನ ಹೆಸರು ಉಳಿಯುತ್ತಿತ್ತು.

ಕೆಳಗಿನ ಬೀದಿಯ ಬಾವಿಯ ವಿಷಯ ಬಂದದ್ದು ಹೀಗೆ. ರಿಪೇರಿಗೆ ಖರ್ಚು ಹೆಚ್ಚೆಂದು ಪುರಸಭೆ ಆ ಬಾವಿಯನ್ನು ಮುಚ್ಚಲು ತೀರ್ಮಾನಿಸಿತು. ಎಲ್ಲರೂ ಸೈ ಎಂದರು. ಪೀಪಾಯಿಯವನೊಬ್ಬನೇ ಒಪ್ಪಲಿಲ್ಲ. ಕೆಳಗಿನ ಬೀದಿಯ ಹೆಂಗಸರು ಕೊಡ ಹೊತ್ತು ದಿಬ್ಬ ಹತ್ತಬೇಕಾಗುತ್ತದೆ, ಚಳಿಗಾಲದಲ್ಲಿ ಆ ದಾರಿಯಲ್ಲಿ ಮಂಜು ಗಟ್ಟಿಯಾಗಿ ಜಾರುತ್ತದೆ ಎಂದ. ಗುಮಾಸ್ತ ಪುರಸಭೆಯ ಕಡೆಯವನೇ ಆದರೂ ಒಂದಕ್ಷರ ಬಿಡದೆ ಬರೆದುಕೊಂಡ. ಮುಂದಿನ ಸಭೆಗೆ ನಮ್ಮ ಬೇಕರಿಯವನು ಯಾವ ಗಾಳಿಗೆ ಸಿಕ್ಕಿದನೋ, ಬಂದುಬಿಟ್ಟ. ಪೀಪಾಯಿಯವನ ಭಿನ್ನಮತಕ್ಕೆ ನನ್ನ ಹೆಸರೂ ಸೇರಿಸಿ ಎಂದ. ನೀನು ಆ ದಿನ ಗೈರುಹಾಜರು, ಸೇರಿಸಲಾಗುವುದಿಲ್ಲ ಎಂದರು. ಅದನ್ನೂ ಗುಮಾಸ್ತ ಬರೆದಿದ್ದ.

ಮೇಡಂ ಇದನ್ನು ನನಗೆ ಓದಿ ಹೇಳಿದಾಗ ಸ್ವೆಟರಿನ ತೋಳು ಎರಡೂ ಮೇಲಿದ್ದವು. "ನೋಡು, ಬರಬೇಕಾದ ದಿನ ಬರ್ಲಿಲ್ಲ ಪುಣ್ಯಾತ್ಮ! ಬ್ರೆಡ್ ಸುಡ್ತಾ ಕೂತಿದ್ದ!" ಎಂದು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಬಹಳ ವರ್ಷಗಳ ಮೇಲೆ, ಹೊಸ ಗುಮಾಸ್ತನ ಕಾಲದಲ್ಲಿ, ಪುರಸಭೆ ಅದೇ ಬಾವಿಯನ್ನು ಮತ್ತೆ ತೆಗೆಸಿತು. ಅಲ್ಲಿ ಪೀಪಾಯಿಯವನ ಹೆಸರು ಎಲ್ಲೂ ಇಲ್ಲ. ಅಷ್ಟು ಹೊತ್ತಿಗೆ ಹಾಜರಿಯಲ್ಲೂ ಅವನು ಇರಲಿಲ್ಲ.

"ಬಾವಿ ಯಾಕೆ ಬೇಕು ಅಂತ ಮೊದಲು ಹೇಳಿದ್ದು ಯಾರು ಅನ್ನೋದು ಆ ಊರಿಗೇ ಮರ್ತುಹೋಗಿತ್ತು," ಎಂದರು ಮೇಡಂ. "ಸಿಂಗಾಪುರದ ಮೂಲೇಲಿ, ಪಾಸಿರ್ ರಿಸ್‌ನಲ್ಲಿ ಕೂತಿರೋ ನನಗೆ ಗೊತ್ತು. ಯಾಕೆ ಗೊತ್ತು? ಬರೆದಿಟ್ಟಿದ್ರು, ಅದಕ್ಕೆ."

ಅಲ್ಲಿಂದ ಶುರುವಾಯಿತು ನೋಡಿ ಉಪದ್ರವ. ಪಾಸಿರ್ ರಿಸ್‌ನಲ್ಲಿ ಅವರ ಬ್ಲಾಕಿನ ಕೆಳಗೆ, ವಾಯ್ಡ್ ಡೆಕ್ ಎನ್ನುವ ಗೋಡೆಯಿಲ್ಲದ ನೆಲಮಹಡಿಯಲ್ಲಿ ನಾವು ಕೆಲವು ಕನ್ನಡದ ಮನೆಯವರು ಯುಗಾದಿಗೆ ಸೇರುತ್ತಿದ್ದೆವು. ಊಟಕ್ಕೆ ಏನೆಂದು ನಿರ್ಧರಿಸುವ ಸಭೆಗೆ ಮೇಡಂ ತಾವಾಗಿಯೇ ಗುಮಾಸ್ತರಾದರು. ಬೇಳೆ ಒಬ್ಬಟ್ಟು ಎಂದು ಎಲ್ಲರೂ ಒಪ್ಪಿ ಎದ್ದೇಳುವ ಹೊತ್ತಿಗೆ ಮೂಲೆಯಲ್ಲಿದ್ದ ಉಡುಪಿಯ ಅಂಕಲ್ ಒಬ್ಬರು ಗಂಟಲು ಸರಿಮಾಡಿಕೊಂಡರು.

"ಏನಾದ್ರೂ ಇದ್ರೆ ಹೇಳ್ಬಿಡಿ ಅಂಕಲ್," ಎಂದರು ಮೇಡಂ. "ಬರ್ಕೋತೀನಿ."

"ಇಲ್ಲ ಇಲ್ಲ, ಎಲ್ಲರೂ ಒಪ್ಪಿದ ಮೇಲೆ ನಂದೇನು..."

"ಎಲ್ಲರೂ ಅಂದ್ರೆ ಹೇಗೆ? ನೀವು ಒಪ್ಪಿಲ್ವಲ್ಲ. ಒಪ್ಪದವರ ಹೆಸರೂ ಬರೀಬೇಕು."

ಅಂಕಲ್ ಧೈರ್ಯ ಮಾಡಿ ಕಾಯಿ ಒಬ್ಬಟ್ಟು ಎಂದರು. ಮೇಡಂ ವಾಟ್ಸಾಪ್ ಗ್ರೂಪಿಗೆ ಹಾಕಿದ ನಡಾವಳಿಯಲ್ಲಿ ಹೀಗಿತ್ತು: "ಊಟಕ್ಕೆ ಬೇಳೆ ಒಬ್ಬಟ್ಟು ಎಂದು ತೀರ್ಮಾನಿಸಲಾಯಿತು. ಕಾಯಿ ಒಬ್ಬಟ್ಟೇ ಆಗಬೇಕೆಂದು ಉಡುಪಿಯ ಅಂಕಲ್ ಅವರ ಭಿನ್ನಮತ. ಈ ಭಿನ್ನಮತಕ್ಕೆ ಅವರ ಹೆಂಡತಿ ಸೇರಿಲ್ಲ." ಗ್ರೂಪಿನಲ್ಲಿ ನಗುವಿನ ಮುಖಗಳು ಸಾಲುಗಟ್ಟಿದವು. ಯುಗಾದಿಯ ದಿನ ಊಟದಲ್ಲಿ ಬೇಳೆ ಒಬ್ಬಟ್ಟೇ ಇತ್ತು. ಆದರೆ ಮೇಡಂ ಒಂದು ಪುಟ್ಟ ಡಬ್ಬಿಯಲ್ಲಿ ಕಾಯಿ ಒಬ್ಬಟ್ಟು ಮಾಡಿ ತಂದು ಅಂಕಲ್ ಎಲೆಗೆ ಮಾತ್ರ ಬಡಿಸಿದರು. ಅವರ ಪ್ರೀತಿ ಹೀಗೆಯೇ, ಮೊದಲು ಮುಜುಗರ ಮಾಡಿ ಆಮೇಲೆ ಬಡಿಸುವುದು.

ಆದರೆ ಪದ್ಧತಿ ಒಬ್ಬಟ್ಟಿಗೇ ನಿಲ್ಲಲಿಲ್ಲ. ಆಫೀಸಿನಲ್ಲೂ ಎಲ್ಲದಕ್ಕೂ ಭಿನ್ನಮತ. ಹೊಸ ಕುರ್ಚಿ ತರಿಸುವ ತೀರ್ಮಾನಕ್ಕೆ ಭಿನ್ನಮತ, ಶುಕ್ರವಾರದ ಪಿಜ್ಜಾಗೆ ಭಿನ್ನಮತ. ನಮ್ಮ ಮ್ಯಾನೇಜರು ಸಿಂಗಾಪುರದಲ್ಲೇ ಹುಟ್ಟಿ ಬೆಳೆದ ಚೀನೀ ಹುಡುಗ, ಒಳ್ಳೆಯವನು, ಯಾರ ಮನಸ್ಸನ್ನೂ ನೋಯಿಸದವನು. "ನೋಟೆಡ್ ಲಾ, ಆಂಟಿ," ಎಂದು ಇಲ್ಲಿಯವರ ರೂಢಿಯ "ಲಾ" ಸೇರಿಸಿ ನಗುತ್ತಾ ಮುಂದೆ ಹೋಗುತ್ತಿದ್ದ. ತೋಳ ಬಂತು ತೋಳ ಎಂದು ದಿನವೂ ಕೂಗಿದರೆ ಏನಾಗುತ್ತದೆ ಎಂದು ನಾನು ಅವರಿಗೆ ಒಮ್ಮೆ ಹೇಳಿಯೂ ನೋಡಿದೆ. "ಪಿಜ್ಜಾನೂ ತೋಳಾನೇ ಕಣೋ," ಎಂದರು. ಅವರ ತಪ್ಪು ಏನಾದರೂ ಇದ್ದರೆ ಇದೇ. ದೊಡ್ಡದಕ್ಕೂ ಸಣ್ಣದಕ್ಕೂ ಅವರ ದನಿ ಒಂದೇ ಎತ್ತರದಲ್ಲಿತ್ತು. ನಿಜವಾಗಿ ಹೊಟ್ಟೆ ಉರಿದು ಹೇಳಿದ ದಿನ ಅದು ಬೇರೆಯೆಂದು ಯಾರಿಗೂ ಕೇಳಿಸಲಿಲ್ಲ.

ಸಂಜೆ ನಾವಿಬ್ಬರೂ ಒನ್-ನಾರ್ತಿನಿಂದ ಬೋನಾ ವಿಸ್ಟಾವರೆಗೆ ಒಟ್ಟಿಗೆ ಹೋಗುತ್ತಿದ್ದೆವು. ಅಲ್ಲಿಂದ ಅವರ ರೈಲು ಒಂದು ದಿಕ್ಕಿಗೆ, ನನ್ನದು ಇನ್ನೊಂದು ದಿಕ್ಕಿಗೆ. ಅವರದು ಲೈನಿನ ಕೊನೆಯ ಸ್ಟೇಷನ್ನು, ಹಾಗಾಗಿ ನಿದ್ದೆ ಬಂದರೂ ಭಯವಿಲ್ಲ ಎನ್ನುತ್ತಿದ್ದರು. ಒಂದು ಭಾನುವಾರ ಪಾಸಿರ್ ರಿಸ್ ಬೀಚಿನಲ್ಲಿ ಅವರು, ಅವರ ಯಜಮಾನರು, ನಾನು ಕೂತಿದ್ದೆವು. ಯಜಮಾನರು ನಿವೃತ್ತ ಎಂಜಿನಿಯರು, ಮಾತು ಕಡಿಮೆ. ಅವರಿಗೆ ಭಿನ್ನಮತ ಎನ್ನುವುದೇ ಇರಲಿಲ್ಲ, ಇದ್ದರೂ ಹೇಳಲು ಸಮಯ ಸಿಕ್ಕಿರಲಿಲ್ಲ. ದೂರದಲ್ಲಿ ಹಡಗುಗಳು ಲಂಗರು ಹಾಕಿ ನಿಂತಿದ್ದವು.

"ಇವಳನ್ನ ಒಂದ್ಸಲ ಸ್ಕಾಟ್ಲೆಂಡಿಗೆ ಕರ್ಕೊಂಡು ಹೋಗೋಣ ಅಂತಿದೀನಿ," ಎಂದರು ಯಜಮಾನರು. "ಆ ಊರು ನೋಡ್ಲಿ."

"ಬೇಡ," ಎಂದರು ಮೇಡಂ.

"ಯಾಕೆ ಮೇಡಂ? ಅಷ್ಟು ಇಷ್ಟ ನಿಮಗೆ."

"ಅಲ್ಲಿಗೆ ಹೋದ್ರೆ ಈಗ ಇರೋರು ಸಿಗ್ತಾರೆ ಕಣೋ. ಅವರು ಯಾರೂ ನನಗೆ ಪರಿಚಯ ಇಲ್ಲ."

ಇಷ್ಟು ಹೇಳಿ ಜೋಳದ ತೆನೆ ಕಡಿಯತೊಡಗಿದರು. ನನ್ನ ಕೈಯಲ್ಲಿದ್ದ ಜೋಳಕ್ಕೂ ಕೈ ಚಾಚಿದರು. ಬೇರೆಯವರ ತಿಂಡಿಯನ್ನು ಕೇಳದೆ ತಿನ್ನುವುದಕ್ಕೆ ಮಾತ್ರ ಅವರಲ್ಲಿ ಯಾವ ನಿಯಮವೂ ಇರಲಿಲ್ಲ.

ಮಳೆ ಬಿಟ್ಟು ಸೊಳ್ಳೆ ಎದ್ದ ಒಂದು ತಿಂಗಳು ನನಗೆ ಡೆಂಗ್ಯೂ ಹಿಡಿಯಿತು. ಜುರಾಂಗಿನ ಆಸ್ಪತ್ರೆಯಲ್ಲಿ ಮಲಗಿದ್ದೆ. ಅಷ್ಟರಲ್ಲೇ ಆಫೀಸಿನಲ್ಲಿ ಆ ಮೀಟಿಂಗು ನಡೆದುಹೋಯಿತು. ಮೂರನೆಯ ದಿನ ಮಧ್ಯಾಹ್ನ ಮೇಡಂ ಫ್ಲಾಸ್ಕಿನಲ್ಲಿ ಮೆಣಸಿನ ಸಾರು ಹಿಡಿದು ಬಂದರು. ದ್ವೀಪದ ಆ ತುದಿಯಿಂದ ಈ ತುದಿಗೆ ಸಾರು ಚೆಲ್ಲದಂತೆ ತಂದಿದ್ದರು. ಮೊದಲು ನನ್ನ ಮುಖ ನೋಡಿದರು, ಪ್ಲೇಟ್ಲೆಟ್ ಎಷ್ಟೆಂದು ಕೇಳಿದರು, ನರ್ಸಿನ ಹತ್ತಿರ ದಿಂಬಿಗಾಗಿ ಜಗಳವಾಡಿದರು. ಆಮೇಲೆ ಕೂತರು.

"ಇನ್ಮೇಲೆ ಪೂರ್ತಿ ಓದೋದು ಬೇಡ್ವಂತೆ," ಎಂದರು.

ವಿಷಯ ಇಷ್ಟು. ಕೆಲಸ ನಿಧಾನವಾಗುತ್ತಿದೆ ಎಂದು ಮೇಲಿನವರು ಹೊಸ ದಾರಿ ಹುಡುಕಿದ್ದರು. ಪ್ರತಿ ಸಭೆಯ ತೀರ್ಮಾನಗಳನ್ನಷ್ಟೇ ಯಂತ್ರ ಆರಿಸಿ ಕೊಡುತ್ತದೆ. ಯಾರು ಬಂದಿದ್ದರು, ಯಾರು ಬರಲಿಲ್ಲ, ಯಾರು ಒಪ್ಪಲಿಲ್ಲ, ಇದೆಲ್ಲ ಬೇಡ. ಓದುವವರಿಗೆ ಸುಲಭ, ನಮಗೂ ಸುಲಭ. ಮೀಟಿಂಗಿನಲ್ಲಿ ಎಲ್ಲರೂ ತಲೆಯಾಡಿಸಿದರು. ಮೇಡಂ ಒಬ್ಬರೇ ಎದ್ದು ನಿಂತರು.

"ಬಾವಿ ಮುಚ್ಚಿದರು, ಬಾವಿ ತೆಗೆದರು, ಇಷ್ಟೇ ಉಳಿಯುತ್ತೆ, ಪೀಪಾಯಿಯವನು ಎಲ್ಲಿ ಅಂತ ಕೇಳಿದೆ. ಯಾರಿಗೂ ಅರ್ಥ ಆಗ್ಲಿಲ್ಲ. ಸರಿ, ನಿಮ್ಮ ತೀರ್ಮಾನ ನೀವು ಮಾಡ್ಕೊಳ್ಳಿ, ನಾನು ಒಪ್ಪಿಲ್ಲ ಅಂತ ಒಂದು ಲೈನ್ ಬರೀರಿ ಅಂದೆ. ಅವನು ನೋಟೆಡ್ ಲಾ ಅಂದ."

"ಮತ್ತೆ?"

ಅವರು ಫೋನು ತೆಗೆದು ತೋರಿಸಿದರು. ನಮ್ಮ ಮೀಟಿಂಗುಗಳ ನಡಾವಳಿಯನ್ನು ಬರೆಯುವುದು ಒಂದು ಆ್ಯಪು. ಮಾತನ್ನೆಲ್ಲ ಕೇಳಿಸಿಕೊಂಡು, ಮುಗಿದ ಕೂಡಲೇ ಸಾರಾಂಶವನ್ನು ಎಲ್ಲರಿಗೂ ಕಳಿಸುತ್ತದೆ. ಇಂಗ್ಲಿಷಿನಲ್ಲಿದ್ದ ಅದನ್ನು ಕನ್ನಡದಲ್ಲಿ ಹೇಳುವುದಾದರೆ, "ಹೊಸ ವಿಧಾನದ ಬಗ್ಗೆ ಚರ್ಚೆ ನಡೆಯಿತು. ತಂಡವು ಒಮ್ಮತದಿಂದ ಒಪ್ಪಿತು."

"ನಾನು ಅಷ್ಟೊತ್ತು ಕೂಗಾಡಿದೀನಿ ಕಣೋ. ಅದಕ್ಕೆ ಕಿವಿ ಇಲ್ವಾ?"

ತಿದ್ದಿಸಿ ಎಂದು ಅವರು ಮ್ಯಾನೇಜರಿಗೆ ಬರೆದಿದ್ದರು. ಅವನು ಹೆಬ್ಬೆಟ್ಟಿನ ಚಿತ್ರ ಕಳಿಸಿದ್ದ. ಮತ್ತೆ ಬರೆದರು. ಅದು ಕ್ಲೈಂಟಿಗೆ ಹೋಗಿಬಿಟ್ಟಿದೆ ಆಂಟಿ, ಮುಂದಿನ ಸಲ ಲಾ, ಎಂದು ಉತ್ತರ ಬಂತು. ಅವನಿಗೆ ಅದು ನಿಜವಾಗಿಯೂ ಸಣ್ಣ ವಿಷಯ. ಪಿಜ್ಜಾ ಬೇಡವೆಂದ ಆಂಟಿ ಇದನ್ನೂ ಬೇಡವೆಂದರು, ಅಷ್ಟೇ.

ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಾ ಮೇಡಂ ಕೇಳಿದರು. "ನೀನಿದ್ದಿದ್ರೆ ಸೇರ್ತಿದ್ಯೇನೋ?"

"ಸೇರ್ತಿದ್ದೆ ಮೇಡಂ. ಖಂಡಿತ."

"ಈಗ ಹೇಳಿ ಏನು ಬಂತು. ಗೈರುಹಾಜರಿ." ಸ್ವಲ್ಪ ನಕ್ಕರು. "ನೀನೇ ಕಣೋ ನನ್ನ ಬೇಕರಿಯವನು."

ಸಾರು ಖಾರವಾಗಿತ್ತು, ನಾಲಗೆಗೆ ರುಚಿಯೇ ಇಲ್ಲದ ಆ ದಿನಗಳಲ್ಲೂ ಖಾರ ತಿಳಿಯಿತು. ಅದನ್ನು ಪೂರ್ತಿ ಕುಡಿಯುವವರೆಗೂ ಅವರು ಎದ್ದು ಹೋಗಲಿಲ್ಲ.

ಹುಷಾರಾಗಿ ಆಫೀಸಿಗೆ ಹೋದ ಮೇಲೆ ನಾನೂ ಮ್ಯಾನೇಜರನ್ನು ಕೇಳಿದೆ. ಒಂದು ಸಾಲು ತಾನೆ, ಸೇರಿಸಿ ಮತ್ತೆ ಕಳಿಸಿಬಿಡು ಎಂದೆ. ಅವನು ತಲೆ ಕೆರೆದುಕೊಂಡ. ಒಂದು ಸಾಲಿಗಾಗಿ ಮತ್ತೆ ಕಳಿಸಿದರೆ ನಮ್ಮಲ್ಲಿ ಏನೋ ಜಗಳವಿದೆ ಎಂದು ಕ್ಲೈಂಟು ಅಂದುಕೊಳ್ಳುತ್ತಾರೆ ಎಂದ. ಇಲ್ಲವೆನ್ನಲೂ ಆಗಲಿಲ್ಲ. ನಿಜವಾಗಿ ಜಗಳವಿತ್ತು. ಅದನ್ನು ಬರೆದಿಡಿ ಎಂದೇ ಅವರು ಕೇಳುತ್ತಿದ್ದದ್ದು.

ಪೂರ್ತಿ ಓದುವ ಕೆಲಸ ನಿಂತ ಮೇಲೆ ಓದುವವರು ಯಾಕೆ ಬೇಕು. ಅವರ ಕಾಂಟ್ರಾಕ್ಟು ಮುಂದುವರಿಯಲಿಲ್ಲ. ತಂಗಿಯ ಮನೆಯ ಹತ್ತಿರವೇ ಇರೋಣವೆಂದು ಇಬ್ಬರೂ ಮೈಸೂರಿಗೆ ಶಿಫ್ಟ್ ಆದರು. ಕೊನೆಯ ಸಂಜೆ ಬೋನಾ ವಿಸ್ಟಾದಲ್ಲಿ ಅವರ ರೈಲು ಮೊದಲು ಬಂತು. ಸಾಮಾನ್ಯವಾಗಿ ಏನಾದರೊಂದು ಕೊಂಕು ಮಾತಾಡಿ ಹತ್ತುವವರು. ಆ ದಿನ ಸ್ವೆಟರಿನ ತೋಳನ್ನು ಬೆರಳವರೆಗೂ ಎಳೆದುಕೊಂಡು, "ಬಾವಿ ಇನ್ನೊಂದ್ಸಲ ಮುಚ್ಚಿದ್ರೆ ಯಾರು ಒಪ್ಪಲಿಲ್ಲ ಅಂತ ನೋಡಿ ಹೇಳು. ನಾನು ಅಷ್ಟು ದೂರ ಓದಿಲ್ಲ," ಎಂದರು. ನೋಡಲು ಇನ್ನು ದಾರಿಯಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ನಾನು ಆಗಲಿ ಎಂದೆ.

ಸಾವಿನ ಸುದ್ದಿ ಬಂದ ಮರುದಿನ ಯಜಮಾನರಿಗೆ ಫೋನು ಮಾಡಿದೆ. ಅವರು ಎಂದಿಗಿಂತ ಹೆಚ್ಚು ಮಾತಾಡಿದರು. ಆಸ್ಪತ್ರೆಯಲ್ಲಿ ಡಾಕ್ಟರ ಜೊತೆಗೂ ಜಗಳ, ಅಡುಗೆಯವನ ಜೊತೆಗೂ ಜಗಳ ಎಂದು ಹೇಳುತ್ತಾ ನಕ್ಕರು.

"ನಿಮ್ಮ ಆಫೀಸಿನವರು ಆ ಲೈನು ಬರೆದ್ರಾ ಅಂತ ಎರಡು ಮೂರು ಸಲ ಕೇಳಿದ್ಲು," ಎಂದರು. "ನಾನು, ಹ್ಞೂ, ಬರೆದ್ರಂತೆ ಅಂದೆ. ಏನು ಮಾಡ್ಲಿ ಹೇಳಿ. ಸುಳ್ಳು ಹೇಳಿದೆ."

"ನಂಬಿದ್ರಾ ಅಂಕಲ್?"

"ಎಲ್ಲಿ, ತೋರ್ಸಿ ಅಂದ್ಲು."

ಫೋನಿನಲ್ಲಿ ಮೈಸೂರಿನ ಯಾವುದೋ ತರಕಾರಿ ಗಾಡಿಯ ಕೂಗು ಕೇಳುತ್ತಿತ್ತು.

ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎನ್ನುತ್ತಾರಲ್ಲ, ನಾನು ಮಾಡಿದ್ದು ಅದೇ. ಆ ವಾರದ ಮೀಟಿಂಗಿನಲ್ಲಿ ಎದ್ದು ನಿಂತೆ. ಅವರು ಹೋದ ಸುದ್ದಿ ಹೇಳಿದೆ. ಹಳೆಯ ತೀರ್ಮಾನಕ್ಕೆ ಅವರು ಒಪ್ಪಿರಲಿಲ್ಲ, ಅದನ್ನು ಇಂದಾದರೂ ಬರೆದುಕೊಳ್ಳಬೇಕು, ಜೊತೆಗೆ ನನ್ನ ಹೆಸರನ್ನೂ ಸೇರಿಸಬೇಕು, ಸೇರಿಸಲು ಬರುವುದಿಲ್ಲ ಎನ್ನುವುದಾದರೆ ಬರುವುದಿಲ್ಲ ಎಂದೇ ಬರೆಯಬೇಕು ಎಂದೆ. ನನ್ನ ಇಂಗ್ಲಿಷು ತೊದಲಿತು. ಮ್ಯಾನೇಜರನ ಕಣ್ಣು ಕೆಂಪಾಯಿತು. ಅವನಿಗೂ ಆಂಟಿಯ ಮೇಲೆ ಪ್ರೀತಿಯಿತ್ತು, ಅವರ ಚಕ್ಕುಲಿ ತಿಂದವನೇ ಅವನೂ. "ಬರೆಯೋಣ, ಖಂಡಿತ ಬರೆಯೋಣ. ಎಲ್ಲರಿಗೂ ಓಕೆನಾ?" ಎಂದು ಸುತ್ತ ನೋಡಿದ. ಎಲ್ಲರೂ ತಲೆಯಾಡಿಸಿದರು.

ಮೀಟಿಂಗು ಮುಗಿದ ಕೂಡಲೇ ಆ್ಯಪು ಸಾರಾಂಶ ಕಳಿಸಿತು. "ತಂಡವು ಮಾಜಿ ಸಹೋದ್ಯೋಗಿಯೊಬ್ಬರನ್ನು ಸ್ಮರಿಸಿತು. ಅವರ ಅಭಿಪ್ರಾಯವನ್ನು ಎಲ್ಲರೂ ಒಮ್ಮತದಿಂದ ಒಪ್ಪಿದರು."

ಬದುಕಿದ್ದಾಗ ಅವರು ನಮ್ಮೆಲ್ಲರ ಮಾತಿಗೆ ಒಪ್ಪಿದರೆಂದು ಆ್ಯಪು ಬರೆಯಿತು, ಸತ್ತ ಮೇಲೆ ನಾವೆಲ್ಲರೂ ಅವರ ಮಾತಿಗೆ ಒಪ್ಪಿದೆವೆಂದು ಬರೆಯಿತು. ಮೇಡಂ ಇದ್ದಿದ್ದರೆ ಎರಡೂ ತೋಳು ಮೇಲೆಳೆದುಕೊಂಡು ಕೇಳುತ್ತಿದ್ದರು, ಇಷ್ಟೊಂದು ಜನ ಒಪ್ಪಿದ್ರೆ ತೀರ್ಮಾನ ಯಾಕೆ ಬದಲಾಗ್ಲಿಲ್ಲ ಅಂತ. ನನಗೆ ಆ ಪ್ರಶ್ನೆ ಹೊಳೆದದ್ದು ಮನೆಗೆ ಬಂದ ಮೇಲೆ.

ಆದ್ದರಿಂದ ಯಾವ ಯಂತ್ರಕ್ಕೂ ಕೊಡದೆ, ನಮ್ಮ ಗುಮಾಸ್ತರು ಬರೆಯುತ್ತಿದ್ದ ಕ್ರಮದಲ್ಲೇ ಇಲ್ಲಿ ಕೈಯಾರೆ ಬರೆದಿಡುತ್ತಿದ್ದೇನೆ. ಸಭೆ ಸೇರಿತು. ನಡಾವಳಿಗಳಲ್ಲಿ ಹಾಜರಿಯನ್ನೂ ಭಿನ್ನಮತವನ್ನೂ ಬಿಟ್ಟು ತೀರ್ಮಾನಗಳನ್ನಷ್ಟೇ ಉಳಿಸುವುದೆಂದು ತೀರ್ಮಾನವಾಯಿತು. ಹಾಜರಿದ್ದವರಲ್ಲಿ ಒಬ್ಬರು ಒಪ್ಪಲಿಲ್ಲ. ಕಾರಣ ಕೇಳಿದ್ದಕ್ಕೆ, ಪೀಪಾಯಿಯವನು ಕಾಣೆಯಾಗುತ್ತಾನೆ ಎಂದರು. ಈ ಭಿನ್ನಮತಕ್ಕೆ ಹೆಸರು ಸೇರಿಸಿ ಎಂದು ತಡವಾಗಿ ಒಬ್ಬ ಬಂದು ಕೇಳಿಕೊಂಡ. ಆ ದಿನ ಅವನು ಗೈರುಹಾಜರಾಗಿದ್ದರಿಂದ ಸೇರಿಸಿಕೊಳ್ಳಲಾಗಲಿಲ್ಲ.